ಸ್ವಭಾವವೆಷ್ಟು, ಸನ್ನಿವೇಶವೆಷ್ಟು: ಉತ್ತರ ಕನ್ನಡದ ವಿದ್ಯಾರ್ಥಿಗಳ ಮಾನಸಿಕ ಯೋಗಕ್ಷೇಮ

ಜೂನ್ ತಿಂಗಳಲ್ಲಿ ಶಿರಸಿಯ ಯಾವುದಾದರೂ ಹಾಸ್ಟೆಲಿನ ಜಗುಲಿಯಲ್ಲಿ ಅರ್ಧ ಗಂಟೆ ನಿಂತರೆ ಒಂದು ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಸಿದ್ದಾಪುರದ ಕಡೆಯಿಂದಲೋ ಯಲ್ಲಾಪುರದ ಕಡೆಯಿಂದಲೋ ಮಗಳನ್ನು ಬಿಡಲು ಬಂದ ತಾಯಿ ವಾರ್ಡನ್ ಬಳಿ ದನಿ ತಗ್ಗಿಸಿ, ‘ಇವಳು ಸ್ವಲ್ಪ ಸೂಕ್ಷ್ಮ, ಎಲ್ಲವನ್ನೂ ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ, ನೋಡಿಕೊಳ್ಳಿ ಮೇಡಂ’ ಎನ್ನುತ್ತಾರೆ. ಆರು ತಿಂಗಳ ನಂತರ ಅದೇ ಹುಡುಗಿ ಊಟ ಬಿಟ್ಟು, ಕ್ಲಾಸು ತಪ್ಪಿಸಿ ಕೋಣೆಯಲ್ಲಿ ಮಲಗಿದಾಗ ಅದೇ ಮಾತು ಬೇರೆ ಬಾಯಿಂದ, ಬೇರೆ ಅರ್ಥದಲ್ಲಿ ಬರುತ್ತದೆ: ‘ಅವಳ ಸ್ವಭಾವವೇ ಹಾಗೆ, ನಾವೇನು ಮಾಡುವುದು?’ ಮೊದಲ ಮಾತಿನಲ್ಲಿ ಎಚ್ಚರಿಕೆಯಿದೆ. ಎರಡನೆಯದು ಕೈತೊಳೆದುಕೊಳ್ಳುವ ಮಾತು. ಸ್ವಭಾವಕ್ಕೂ ವಿದ್ಯಾರ್ಥಿಗಳ ಮಾನಸಿಕ ಯೋಗಕ್ಷೇಮಕ್ಕೂ ಇರುವ ನಂಟಿನ ಬಗ್ಗೆ ಮನಶ್ಶಾಸ್ತ್ರದಲ್ಲಿ ನಾಲ್ಕು ದಶಕಗಳಿಂದ ನಡೆದಿರುವ ಸಂಶೋಧನೆ ಈ ಎರಡರಲ್ಲಿ ಮೊದಲನೆಯದನ್ನು ಬಹುಮಟ್ಟಿಗೆ ಸಮರ್ಥಿಸುತ್ತದೆ. ಎರಡನೆಯದಕ್ಕೆ ಅದರಲ್ಲಿ ಆಧಾರವಿಲ್ಲ.

ಈ ಚರ್ಚೆಗೆ ಈಗ ಒಂದು ತುರ್ತೂ ಇದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳ ಸಂಖ್ಯೆ 13,044. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಹೊರಡಿಸಿದ ಮಾರ್ಗಸೂಚಿಯು ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರನ್ನಾದರೂ ನೇಮಿಸಿಕೊಳ್ಳಬೇಕು ಎಂದು ಹೇಳಿದೆ. ಹಾಗೆ ನೇಮಕಗೊಂಡು ಬರುವವರ ಕೈಗೆ ಮೊದಲು ಸಿಗುವ ಸಲಕರಣೆ, ಅಗ್ಗವಾದದ್ದು, ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ದೊರೆಯುವಂಥದ್ದು, ವ್ಯಕ್ತಿತ್ವದ ಪ್ರಶ್ನಾವಳಿ. ಅದು ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂಬುದನ್ನು ಪಾಲಕರೂ ಅಧ್ಯಾಪಕರೂ ತಿಳಿದಿರುವುದು ಒಳ್ಳೆಯದು.

ಇಂದು ಹೆಚ್ಚು ಬಳಕೆಯಲ್ಲಿರುವ ಮಾದರಿ ಹುಟ್ಟಿದ್ದು ನಿಘಂಟಿನಿಂದ. ಜನ ಒಬ್ಬರನ್ನೊಬ್ಬರು ಬಣ್ಣಿಸಲು ಮುಖ್ಯವೆಂದು ಕಂಡ ಪ್ರತಿಯೊಂದು ಗುಣಕ್ಕೂ ಭಾಷೆಯಲ್ಲಿ ಒಂದು ಮಾತು ಇದ್ದೇ ಇರುತ್ತದೆ ಎಂಬ ನಂಬಿಕೆಯಿಂದ ಅಮೆರಿಕದ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್‌ಬರ್ಟ್ 1936ರಲ್ಲಿ ಇಂಗ್ಲಿಷ್ ನಿಘಂಟೊಂದನ್ನು ಜಾಲಾಡಿ, ಸುಮಾರು 18,000 ಪದಗಳನ್ನು ಹೆಕ್ಕಿದರು. ಮುಂದಿನವರು ಆ ರಾಶಿಯನ್ನು ಸೋಸುತ್ತ, ಒಟ್ಟೊಟ್ಟಿಗೆ ಕಾಣಿಸಿಕೊಳ್ಳುವ ಗುಣಗಳನ್ನು ಗುಂಪುಗೂಡಿಸುತ್ತ ಹೋಗಿ, ಐದು ದೊಡ್ಡ ಗುಂಪುಗಳಿಗೆ ತಂದು ನಿಲ್ಲಿಸಿದರು. 1980ರ ದಶಕದಲ್ಲಿ ಲೂಯಿಸ್ ಗೋಲ್ಡ್‌ಬರ್ಗ್, ಪಾಲ್ ಕೋಸ್ಟಾ ಮತ್ತು ರಾಬರ್ಟ್ ಮೆಕ್ರೇ ಅವರ ಕೆಲಸದಿಂದ ಇದು ‘ಬಿಗ್ ಫೈವ್’ ಎಂಬ ಹೆಸರಿನಲ್ಲಿ ನೆಲೆಗೊಂಡಿತು. ಪಠ್ಯಪುಸ್ತಕದ ಕನ್ನಡವನ್ನು ಬದಿಗಿಟ್ಟು ಆಡುಮಾತಿನಲ್ಲಿ ಹೇಳುವುದಾದರೆ ಐದು ಗುಣಗಳು ಇವು: ಎಲ್ಲವನ್ನೂ ಮನಸ್ಸಿಗೆ ಹಚ್ಚಿಕೊಳ್ಳುವ ಸ್ವಭಾವ, ಅಂದರೆ ಭಾವನಾತ್ಮಕ ಅಸ್ಥಿರತೆ, ನಾಲ್ಕು ಜನರ ನಡುವೆ ಅರಳುವ ಬಹಿರ್ಮುಖತೆ, ಹಿಡಿದ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮುಗಿಸುವ ಶ್ರದ್ಧೆ, ಇನ್ನೊಬ್ಬರೊಡನೆ ಹೊಂದಿಕೊಳ್ಳುವ ಗುಣ, ಮತ್ತು ಹೊಸದಕ್ಕೆ ತೆರೆದುಕೊಳ್ಳುವ ಕುತೂಹಲ. ಇವು ಖಾನೆಗಳಲ್ಲ, ಎತ್ತರದ ಹಾಗೆ ಅಳತೆಗಳು. ಬಹುಪಾಲು ಜನ ಪ್ರತಿಯೊಂದರಲ್ಲೂ ನಡುಭಾಗದಲ್ಲಿಯೇ ಇರುತ್ತಾರೆ. ಆದ್ದರಿಂದ ತರಗತಿಯನ್ನು ‘ಅಂತರ್ಮುಖಿಗಳು’, ‘ಬಹಿರ್ಮುಖಿಗಳು’ ಎಂದು ಎರಡು ಸಾಲು ಮಾಡಿ ಕೂರಿಸುವ ಕಾರ್ಯಾಗಾರಗಳು ಮೊದಲ ಹೆಜ್ಜೆಯಲ್ಲಿಯೇ ಎಡವುತ್ತವೆ.

ಯೋಗಕ್ಷೇಮವನ್ನು ಅಳೆಯುವುದು ಇನ್ನೂ ಜಟಿಲ. ಎಡ್ ಡೀನರ್ 1985ರಲ್ಲಿ ತಮ್ಮ ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ಅಳತೆಗೋಲು ಬದುಕಿನ ಬಗೆಗಿನ ಒಟ್ಟು ತೃಪ್ತಿಯನ್ನು ಐದೇ ವಾಕ್ಯಗಳಲ್ಲಿ ಕೇಳುತ್ತದೆ. ಅಂಕ ಐದರಿಂದ 35ರವರೆಗೆ. ಕ್ಯಾರಲ್ ರಿಫ್ 1989ರಲ್ಲಿ ಇದಕ್ಕೆ ತಕರಾರು ಎತ್ತಿದರು. ಖುಷಿಯಾಗಿರುವುದೇ ಚೆನ್ನಾಗಿ ಬದುಕುವುದಲ್ಲ ಎಂದು ವಾದಿಸಿ, ಅವರು ಆರು ಮುಖಗಳನ್ನು ಮುಂದಿಟ್ಟರು: ತನ್ನನ್ನು ತಾನು ಒಪ್ಪಿಕೊಳ್ಳುವುದು, ಆತ್ಮೀಯ ಸಂಬಂಧಗಳು, ಸ್ವಂತ ನಿರ್ಧಾರದ ಶಕ್ತಿ, ಸುತ್ತಲಿನ ಪರಿಸರವನ್ನು ನಿಭಾಯಿಸುವ ಹಿಡಿತ, ಬದುಕಿಗೊಂದು ಗುರಿ, ಬೆಳೆಯುತ್ತಿದ್ದೇನೆ ಎಂಬ ಭಾವ. ವಿದ್ಯಾರ್ಥಿಗಳ ವಿಷಯದಲ್ಲಿ ಈ ಎರಡನೆಯ ಅಳತೆ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ನೀಟ್ ಪರೀಕ್ಷೆಗೆ ಓದುತ್ತಿರುವ ಹುಡುಗನೊಬ್ಬ ಖುಷಿಯಾಗಿಲ್ಲದೆಯೂ ಕ್ಷೇಮವಾಗಿರಬಹುದು, ಮೊಬೈಲಿನಲ್ಲಿ ರಾತ್ರಿಯಿಡೀ ಗೇಮ್ ಆಡುವ ಅವನ ರೂಮ್‌ಮೇಟ್ ಖುಷಿಯಾಗಿದ್ದೂ ಒಳಗೊಳಗೆ ಕುಸಿಯುತ್ತಿರಬಹುದು.

ಈಗ ಎರಡರ ನಂಟಿಗೆ ಬರೋಣ. ಕೋಸ್ಟಾ ಮತ್ತು ಮೆಕ್ರೇ 1980ರಲ್ಲಿಯೇ ಬಹಿರ್ಮುಖತೆ ಸಂತೋಷದ ಭಾವಗಳೊಂದಿಗೂ, ಭಾವನಾತ್ಮಕ ಅಸ್ಥಿರತೆ ದುಗುಡದ ಭಾವಗಳೊಂದಿಗೂ ಹೆಣೆದುಕೊಂಡಿವೆ ಎಂದು ತೋರಿಸಿದ್ದರು. ಆಮೇಲಿನ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ವಿಶ್ಲೇಷಣೆಗಳೂ ಆ ಚಿತ್ರವನ್ನು ಬುಡಮೇಲು ಮಾಡಿಲ್ಲ. ಐದರಲ್ಲಿ ಅತಿ ಬಲವಾದ ನಂಟು ಮನಸ್ಸಿಗೆ ಹಚ್ಚಿಕೊಳ್ಳುವ ಸ್ವಭಾವದ್ದು. ಅದು ಹೆಚ್ಚಿದಂತೆ ಯೋಗಕ್ಷೇಮ ತಗ್ಗುತ್ತದೆ. ಬಹಿರ್ಮುಖತೆ ಮತ್ತು ಶ್ರದ್ಧೆ ನಂತರದ ಸ್ಥಾನದಲ್ಲಿವೆ. ಪಮೆಲಾ ಷ್ಮುಟ್ ಮತ್ತು ರಿಫ್ 1997ರಲ್ಲಿ ಆರು ಮುಖಗಳನ್ನು ಬೇರೆ ಬೇರೆಯಾಗಿ ನೋಡಿದಾಗ ಚಿತ್ರ ಇನ್ನಷ್ಟು ಸ್ಪಷ್ಟವಾಯಿತು: ಹೊಂದಿಕೊಳ್ಳುವ ಗುಣ ಮುಖ್ಯವಾಗಿ ಆತ್ಮೀಯ ಸಂಬಂಧಗಳಿಗೆ ಒದಗುತ್ತದೆ, ಹೊಸದರ ಕುತೂಹಲ ಬೆಳವಣಿಗೆಯ ಭಾವಕ್ಕೆ, ಶ್ರದ್ಧೆ ಪರಿಸರದ ಮೇಲಿನ ಹಿಡಿತಕ್ಕೆ ಮತ್ತು ಗುರಿಯ ಪ್ರಜ್ಞೆಗೆ. ಒಂದೇ ಗುಣ ಎಲ್ಲ ಬಾಗಿಲುಗಳಿಗೂ ಬೀಗದಕೈ ಆಗುವುದಿಲ್ಲ.

ಅಂಕಿಯ ಗಾತ್ರವನ್ನೂ ಸರಿಯಾಗಿ ಓದಿಕೊಳ್ಳಬೇಕು. ಎರಡು ಸಂಗತಿಗಳ ನಡುವಿನ ಸಂಬಂಧಾಂಕ 0.5 ಇದೆ ಎಂದರೆ, ಒಂದರಲ್ಲಿ ಕಾಣುವ ವ್ಯತ್ಯಾಸದ ಕಾಲು ಭಾಗ ಮಾತ್ರ ಇನ್ನೊಂದರ ವ್ಯತ್ಯಾಸದೊಡನೆ ಸೇರಿ ಹೋಗುತ್ತದೆ ಎಂದರ್ಥ. ಉಳಿದ ಮುಕ್ಕಾಲು ಬೇರೆಡೆಯಿಂದ ಬರುತ್ತದೆ. ಮನೋವಿಜ್ಞಾನದಲ್ಲಿ ಇದು ದೊಡ್ಡ ಸಂಬಂಧವೇ. ಆದರೆ ಮುಕ್ಕಾಲು ಪಾಲು ಖಾಲಿ ಬಿಟ್ಟ ಲೆಕ್ಕವನ್ನು ಹಿಡಿದುಕೊಂಡು ಒಬ್ಬ ಹುಡುಗಿಯ ಭವಿಷ್ಯ ಹೇಳಲು ಹೊರಡುವುದು ಪಂಚಾಂಗ ನೋಡಿ ಬಸ್ಸು ಹಿಡಿದಂತೆ.

ಶ್ರದ್ಧೆಯ ಬಗ್ಗೆ ತುಸು ಹೆಚ್ಚು ಹೇಳಬೇಕು, ಏಕೆಂದರೆ ಹತ್ತನೆಯ ತರಗತಿಯ ಫಲಿತಾಂಶದ ದಿನ ಪ್ರತಿವರ್ಷ ಹೆಮ್ಮೆಪಡುವ ಈ ಜಿಲ್ಲೆಯಲ್ಲಿ ಅದು ಎಲ್ಲರೂ ಮೆಚ್ಚುವ ಗುಣ. ಆರ್ಥರ್ ಪೊರೊಪಾಟ್ 2009ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಐದು ಗುಣಗಳ ಪೈಕಿ ಅಂಕಗಳೊಂದಿಗೆ ಅತ್ಯಂತ ಸ್ಥಿರವಾದ ನಂಟು ಇರುವುದು ಇದಕ್ಕೇ ಎಂದು ತೋರಿಸಿತು. ಆದರೆ ಇದೇ ಗುಣಕ್ಕೆ ಇನ್ನೊಂದು ಮಗ್ಗುಲಿದೆ. ಜರ್ಮನಿಯ ವಯಸ್ಕರನ್ನು ಹಲವು ವರ್ಷ ಹಿಂಬಾಲಿಸಿದ ಮಾಹಿತಿಯನ್ನು ಆಧರಿಸಿ 2010ರಲ್ಲಿ ಬಂದ ಅಧ್ಯಯನವೊಂದು, ಕೆಲಸ ಕಳೆದುಕೊಂಡಾಗ ಹೆಚ್ಚು ಶ್ರದ್ಧಾವಂತರ ಬದುಕಿನ ತೃಪ್ತಿಯೇ ಉಳಿದವರಿಗಿಂತ ಆಳಕ್ಕೆ ಇಳಿಯಿತು ಎಂದು ಕಂಡುಕೊಂಡಿತು. ವಿದ್ಯಾರ್ಥಿಗಳಿಗೆ ಅದನ್ನು ನೇರವಾಗಿ ಅನ್ವಯಿಸಲಾಗದು. ಆದರೂ ತರಗತಿಯಲ್ಲಿ ಕಂಡದ್ದಕ್ಕೆ ಅದು ಹೊಂದುತ್ತದೆ. ಹಳ್ಳಿಯ ಹೈಸ್ಕೂಲಿನಲ್ಲಿ ಮೂರು ವರ್ಷ ಮೊದಲ ಸ್ಥಾನದಲ್ಲಿದ್ದು, ಕನ್ನಡ ಮಾಧ್ಯಮದಿಂದ ಪಿಯು ವಿಜ್ಞಾನಕ್ಕೆ ಬಂದು, ಮೊದಲ ಟೆಸ್ಟಿನಲ್ಲಿ ಭೌತಶಾಸ್ತ್ರದ ಪ್ರಶ್ನೆಯೇ ಅರ್ಥವಾಗದೆ ಕೂತ ಹುಡುಗನನ್ನು ನೆನೆಯಿರಿ. ಓದದೇ ಅಂಕ ಕಳೆದುಕೊಂಡವನಿಗೆ ಒಂದು ಸಮಾಧಾನವಿದೆ, ಮುಂದಿನ ಸಲ ಓದಿದರಾಯಿತು. ಓದಿಯೂ ಕಳೆದುಕೊಂಡವನಿಗೆ ಆ ಸಮಾಧಾನವಿಲ್ಲ. ಅವನನ್ನು ಯಾರೂ ಗಮನಿಸುವುದೂ ಇಲ್ಲ, ಏಕೆಂದರೆ ಅವನು ಹೊತ್ತಿಗೆ ಸರಿಯಾಗಿ ಬರುತ್ತಾನೆ, ರೆಕಾರ್ಡ್ ಬುಕ್ಕನ್ನು ನೀಟಾಗಿ ಬರೆಯುತ್ತಾನೆ.

ಇಷ್ಟೆಲ್ಲ ನಂಟುಗಳನ್ನು ಹೇಳಿದ ಮೇಲೆ ಅವುಗಳ ಬುಡದಲ್ಲಿರುವ ಒಂದು ತೊಡಕನ್ನೂ ಹೇಳಲೇಬೇಕು. ಭಾವನಾತ್ಮಕ ಅಸ್ಥಿರತೆಯನ್ನು ಅಳೆಯುವ ಪ್ರಶ್ನಾವಳಿ ‘ನನಗೆ ಆಗಾಗ ಬೇಸರವಾಗುತ್ತದೆ’, ‘ನಾನು ಸುಲಭವಾಗಿ ಗಾಬರಿಯಾಗುತ್ತೇನೆ’ ಎಂಬಂಥ ಮಾತುಗಳಿಗೆ ಹೌದೋ ಅಲ್ಲವೋ ಎಂದು ಕೇಳುತ್ತದೆ. ಯೋಗಕ್ಷೇಮದ ಪ್ರಶ್ನಾವಳಿಯೂ ಹೆಚ್ಚೂಕಡಿಮೆ ಇವನ್ನೇ ತಿರುವಿಹಾಕಿ ಕೇಳುತ್ತದೆ. ಒಂದೇ ಹುಡುಗಿ, ಒಂದೇ ಮಧ್ಯಾಹ್ನ, ಒಂದೇ ಮನಃಸ್ಥಿತಿಯಲ್ಲಿ ಎರಡನ್ನೂ ತುಂಬಿದರೆ ಉತ್ತರಗಳು ಹೊಂದಿಕೆಯಾಗದೆ ಇನ್ನೇನಾದೀತು? ರಿಫ್ ಮತ್ತು ಷ್ಮುಟ್ ಕೂಡ ಈ ಅತಿವ್ಯಾಪ್ತಿಯ ಬಗ್ಗೆ ಎಚ್ಚರಿಸಿದ್ದರು. ನಂಟಿನ ಒಂದು ಪಾಲು ನಿಜವಾದದ್ದೇ. ಇನ್ನೊಂದು ಪಾಲು ಪ್ರಶ್ನೆ ಕೇಳಿದ ರೀತಿಯಿಂದ ಹುಟ್ಟಿದ್ದು.

ಎರಡನೆಯ ತೊಡಕು ಕಾಲದ್ದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ, ಗಂಗಾವಳಿ ನದಿಗೆ ಬಿತ್ತು. ಜೀವಗಳು ಹೋದವು, ರಸ್ತೆ ಹಲವು ದಿನ ಮುಚ್ಚಿತು. ಅದರ ಗಾಯ ಆರುವ ಮೊದಲೇ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿತ್ತು. ಆ ದಿನಗಳಲ್ಲಿ ಕುಮಟಾ, ಅಂಕೋಲಾ, ಕಾರವಾರಗಳ ನಡುವೆ ಬಸ್ಸಿನಲ್ಲಿ ಓಡಾಡುವ ವಿದ್ಯಾರ್ಥಿಯೊಬ್ಬನಿಗೆ ‘ಏನೋ ಕೆಟ್ಟದ್ದಾಗುತ್ತದೆ ಎಂಬ ಆತಂಕ ನಿಮಗೆ ಆಗಾಗ ಬರುತ್ತದೆಯೇ’ ಎಂದು ಕೇಳಿದ್ದರೆ ಅವನು ಹೌದೆಂದು ಬರೆಯುತ್ತಿದ್ದ. ಆ ಉತ್ತರದಲ್ಲಿ ಅವನ ಸ್ವಭಾವ ಎಷ್ಟು, ಗುಡ್ಡದ ಮಣ್ಣು ಎಷ್ಟು? ಒಮ್ಮೆ ಮಾತ್ರ ತುಂಬಿಸಿಕೊಂಡ ಪ್ರಶ್ನಾವಳಿ ಇದನ್ನು ಬೇರ್ಪಡಿಸಲಾರದು, ಮತ್ತು ನಮ್ಮಲ್ಲಿ ಸ್ನಾತಕೋತ್ತರ ಪದವಿಯ ಪ್ರಬಂಧಗಳಿಗಾಗಿ ಕಾಲೇಜುಗಳಲ್ಲಿ ಹಂಚುವ ಪ್ರಶ್ನಾವಳಿಗಳು ಸಾಮಾನ್ಯವಾಗಿ ಒಮ್ಮೆ ತುಂಬಿಸಿಕೊಳ್ಳುವಂಥವೇ.

ಮೂರನೆಯದು ಭಾಷೆ ಮತ್ತು ನೆಲದ್ದು. ಬಹಿರ್ಮುಖತೆಯನ್ನು ಅಳೆಯುವ, ಎಲ್ಲರಿಗೂ ಮುಕ್ತವಾಗಿ ಸಿಗುವ ಪ್ರಸಿದ್ಧ ಪ್ರಶ್ನಾವಳಿಯೊಂದರ ಮೊದಲ ಮಾತು ‘ಪಾರ್ಟಿಗೆ ಕಳೆ ತರುವವನು ನಾನೇ’ ಎಂಬರ್ಥದ್ದು. ಜೋಯಿಡಾದ ಹುಡುಗನಿಗೆ ಪಾರ್ಟಿ ಎಂದರೆ ಒಂದೋ ರಾಜಕೀಯ ಪಕ್ಷ, ಇಲ್ಲವೇ ಮನೆಯಲ್ಲಿ ಹೇಳಲಾಗದ ವ್ಯವಹಾರ. ಅವನು ಬೇಡವೆಂದು ಗುರುತು ಹಾಕುತ್ತಾನೆ. ಯಂತ್ರ ಅವನನ್ನು ಅಂತರ್ಮುಖಿಗಳ ಕಡೆಗೆ ಸರಿಸುತ್ತದೆ. ಇದು ಬರೀ ಅನುವಾದದ ತಮಾಷೆಯಲ್ಲ. ಬೊಲಿವಿಯಾದ ಸಿಮಾನೆ ಎಂಬ ಬುಡಕಟ್ಟಿನವರಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದು ಗುಣಗಳ ವಿಂಗಡಣೆಯೇ ಸರಿಯಾಗಿ ಮೂಡಿಬರಲಿಲ್ಲ. ಐದು ಎಂಬ ಸಂಖ್ಯೆ ಮನುಷ್ಯಕುಲದ ಮೂಳೆಯಲ್ಲೇ ಬರೆದಿದೆ ಎಂದುಕೊಳ್ಳಲು ಕಾರಣವಿಲ್ಲ.

ಇಲ್ಲಿ ನನಗೆ ಪದೇ ಪದೇ ಬರುವ ಒಂದು ಯೋಚನೆಯಿದೆ. ಆಲ್‌ಪೋರ್ಟ್ ಮಾಡಿದ ಕೆಲಸವನ್ನು ಯಾರಾದರೂ 1894ರ ಕಿಟ್ಟೆಲ್ ನಿಘಂಟನ್ನು ಇಟ್ಟುಕೊಂಡು ಕನ್ನಡದಲ್ಲಿ ಮಾಡಿದ್ದರೆ ಯಾವ ಗುಂಪುಗಳು ಮೇಲೆ ಬರುತ್ತಿದ್ದವು? ಬಹುಶಃ ‘ದಾಕ್ಷಿಣ್ಯ’ದ ಸುತ್ತ ಒಂದು ಗುಂಪು ಕಟ್ಟಿಕೊಳ್ಳುತ್ತಿತ್ತು: ಸಂಕೋಚ, ಮುಲಾಜು, ಮರ್ಯಾದೆ, ಹಿಂಜರಿಕೆ, ಭಿಡೆ. ದಾಕ್ಷಿಣ್ಯವನ್ನು ಐದರಲ್ಲಿ ಯಾವ ಒಂದಕ್ಕೂ ಸೇರಿಸಲಾಗುವುದಿಲ್ಲ. ಅದರಲ್ಲಿ ಹೊಂದಿಕೊಳ್ಳುವ ಗುಣವಿದೆ, ಅಳುಕೂ ಇದೆ, ಜೊತೆಗೆ ಎದುರಿನವರಿಗೆ ತೊಂದರೆ ಕೊಡಬಾರದೆಂಬ ಸಂಸ್ಕಾರವೂ ಇದೆ. ಘಟ್ಟದ ಮೇಲಿನ ಒಂಟಿಮನೆಗಳ ಊರುಗಳಿಂದ ಬಂದ ಮಕ್ಕಳಲ್ಲಿ ಇದು ಧಾರಾಳವಾಗಿದೆ, ಮತ್ತು ಊರಿನಲ್ಲಿ ಇದ್ದಷ್ಟು ಕಾಲ ಅದು ಅವರನ್ನು ಕಾಪಾಡಿದೆ: ನೆರೆಮನೆಯವರು ಕೇಳದೆಯೇ ತಿಳಿದುಕೊಳ್ಳುತ್ತಿದ್ದರು, ಅತ್ತೆ ಮುಖ ನೋಡಿಯೇ ‘ಯಾಕೆ, ಹುಷಾರಿಲ್ಲವೇ’ ಎನ್ನುತ್ತಿದ್ದಳು. ಆತ್ಮೀಯ ಸಂಬಂಧಗಳು ಎಂದು ರಿಫ್ ಹೇಳಿದ ಮುಖಕ್ಕೆ ಅಲ್ಲಿ ದಾಕ್ಷಿಣ್ಯವೇ ನೀರೆರೆಯುತ್ತಿತ್ತು. ನೂರಿಪ್ಪತ್ತು ಜನರ ತರಗತಿಗೆ ಬಂದ ಮೇಲೆ ಅದೇ ಗುಣ ಸಂದೇಹ ಕೇಳಲು ಬಿಡುವುದಿಲ್ಲ, ಹಾಸ್ಟೆಲಿನಲ್ಲಿ ಜ್ವರ ಬಂದರೆ ಹೇಳಲು ಬಿಡುವುದಿಲ್ಲ, ಪಕ್ಕದವಳು ತನ್ನ ಅಸೈನ್‌ಮೆಂಟನ್ನೂ ಬರೆದುಕೊಡು ಎಂದರೆ ಆಗುವುದಿಲ್ಲ ಎನ್ನಲು ಬಿಡುವುದಿಲ್ಲ. ಸ್ವಂತ ನಿರ್ಧಾರದ ಶಕ್ತಿ ಎಂಬ ಮುಖ ಅಲ್ಲಿ ಸೊರಗುತ್ತದೆ. ಹುಡುಗಿಯ ಗುಣ ಬದಲಾಗಿಲ್ಲ. ಅದನ್ನು ಓದಬಲ್ಲ ಜನ ಸುತ್ತ ಇಲ್ಲವಾಗಿದ್ದಾರೆ.

ವಾಲ್ಟರ್ ಮಿಷೆಲ್ 1968ರಲ್ಲಿ ವ್ಯಕ್ತಿತ್ವ ಮನೋವಿಜ್ಞಾನವನ್ನೇ ಅಲುಗಾಡಿಸಿದ್ದು ಇದೇ ಬಗೆಯ ಮಾತಿನಿಂದ: ಒಬ್ಬರ ನಡವಳಿಕೆ ಸನ್ನಿವೇಶದಿಂದ ಸನ್ನಿವೇಶಕ್ಕೆ ನಾವು ಅಂದುಕೊಂಡಷ್ಟು ಒಂದೇ ತೆರನಾಗಿರುವುದಿಲ್ಲ. ನಂತರದ ವಾಗ್ವಾದಗಳು ತಿಳಿಗೊಂಡು ಬಂದಾಗ ಉಳಿದ ಒಪ್ಪಿಗೆ ಇಷ್ಟು: ಗುಣವೆಂದರೆ ಹಲವು ಸನ್ನಿವೇಶಗಳ ಸರಾಸರಿ. ಶಿರಸಿ ಮಾರಿಕಾಂಬೆಯ ಜಾತ್ರೆಯಲ್ಲಿ ಸ್ವಯಂಸೇವಕನಾಗಿ ಜನಸಾಗರವನ್ನು ದನಿಯಿಂದಲೇ ತಡೆದು ನಿಲ್ಲಿಸುವ ಹುಡುಗ, ಇಂಗ್ಲಿಷಿನಲ್ಲಿ ಸೆಮಿನಾರ್ ಕೊಡು ಎಂದಾಗ ಬಾಯಿ ತೆರೆಯುವುದಿಲ್ಲ. ಕಾಲೇಜು ನೋಡುವುದು ಎರಡನೆಯವನನ್ನು ಮಾತ್ರ, ಆ ಅರ್ಧವನ್ನೇ ಪೂರ್ತಿಯೆಂದು ದಾಖಲಿಸುತ್ತದೆ.

ಹಾಗೆ ದಾಖಲಾದ ಮೌನಿಗಳಿಗೆ ಸಿಗುವ ಸಿದ್ಧ ಉಪದೇಶ ‘ಎಲ್ಲರ ಜೊತೆ ಬೆರೆ’ ಎಂಬುದು. ಇದರಲ್ಲಿ ಸತ್ಯವಿಲ್ಲದಿಲ್ಲ, ಬಹಿರ್ಮುಖಿಯಂತೆ ನಡೆದುಕೊಂಡ ಹೊತ್ತಿನಲ್ಲಿ ಜನರಿಗೆ ಹೆಚ್ಚು ಉಲ್ಲಾಸವಿರುತ್ತದೆ ಎಂದು 2000ದ ನಂತರದ ಹಲವು ಅಧ್ಯಯನಗಳು ತೋರಿಸಿವೆ. ಆದರೆ ಆಸ್ಟ್ರೇಲಿಯಾದ ಸಂಶೋಧಕರು ಜನರಿಗೆ ಒಂದು ವಾರ ಪೂರ್ತಿ ಹಾಗೆ ನಡೆದುಕೊಳ್ಳಲು ಹೇಳಿ 2019ರಲ್ಲಿ ವರದಿ ಮಾಡಿದಾಗ, ಸ್ವಭಾವತಃ ಅಂತರ್ಮುಖಿಗಳಾದವರಿಗೆ ಅಂಥ ಲಾಭ ದೊರೆಯಲಿಲ್ಲ. ದಣಿವು ಹೆಚ್ಚಿತು, ತಾನು ತಾನಾಗಿಲ್ಲ ಎಂಬ ಭಾವವೂ ಬಂತು. ಬೆರೆಯುವ ಅವಕಾಶ ಇರಬೇಕು, ಒಬ್ಬರೇ ಕೂರುವ ಮೂಲೆಯೂ ಇರಬೇಕು. ಎಂಟು ಮಂಚಗಳ ಹಾಸ್ಟೆಲ್ ಕೋಣೆಯಲ್ಲಿ ಎರಡನೆಯದು ಸಿಗುವುದಿಲ್ಲವೆಂಬುದನ್ನು ವಾರ್ಡನ್‌ಗಳು ಬಲ್ಲರು.

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯನ್ನು ಈ ಹಂತದಲ್ಲಿ ಯಾರಾದರೂ ನೆನಪಿಸಿಯೇ ತೀರುತ್ತಾರೆ. ಅವಳಿಗಳ ಅಧ್ಯಯನಗಳ ಪ್ರಕಾರ ಜನರ ನಡುವೆ ಈ ಗುಣಗಳಲ್ಲಿ ಕಾಣುವ ವ್ಯತ್ಯಾಸದ ಶೇ 40ರಿಂದ 50ರಷ್ಟನ್ನು ಅನುವಂಶೀಯತೆಗೆ ಜೋಡಿಸಬಹುದು. ಅಲ್ಲಿಗೆ ಗಾದೆ ಅರ್ಧ ಗೆದ್ದಿತು. ಆದರೆ ಇದು ಗುಂಪಿನೊಳಗಿನ ವ್ಯತ್ಯಾಸದ ಲೆಕ್ಕವೇ ಹೊರತು ಒಬ್ಬಳ ಆತಂಕದ ಅರ್ಧ ಅಜ್ಜಿಯಿಂದ ಬಂತು ಎಂಬ ಲೆಕ್ಕವಲ್ಲ. ಬ್ರೆಂಟ್ ರಾಬರ್ಟ್ಸ್ ಮತ್ತು ಸಹೋದ್ಯೋಗಿಗಳು 2006ರಲ್ಲಿ ತೋರಿಸಿದಂತೆ, ವ್ಯಕ್ತಿತ್ವ ಅತಿ ಹೆಚ್ಚು ಬದಲಾಗುವುದು ಬಾಲ್ಯದಲ್ಲಲ್ಲ, ಇಪ್ಪತ್ತರಿಂದ ನಲವತ್ತರ ನಡುವೆ. ಅದೇ ರಾಬರ್ಟ್ಸ್ ತಂಡ 2017ರಲ್ಲಿ 207 ಅಧ್ಯಯನಗಳನ್ನು ಒಟ್ಟುಗೂಡಿಸಿ, ಚಿಕಿತ್ಸೆ ಮತ್ತು ಸಮಾಲೋಚನೆಯಂಥ ಮಧ್ಯಪ್ರವೇಶದಿಂದ ಸರಾಸರಿ 24 ವಾರಗಳಲ್ಲಿ ಗುಣಗಳು ಅಳೆಯಬಹುದಾದಷ್ಟು ಬದಲಾಗುತ್ತವೆ, ಅದರಲ್ಲೂ ಭಾವನಾತ್ಮಕ ಸ್ಥಿರತೆ ಎಲ್ಲಕ್ಕಿಂತ ಹೆಚ್ಚು ಸುಧಾರಿಸುತ್ತದೆ ಎಂದು ಕಂಡುಕೊಂಡಿತು. ಯೋಗಕ್ಷೇಮವನ್ನು ಅತಿ ಹೆಚ್ಚು ಕುಗ್ಗಿಸುವ ಗುಣವೇ ಅತಿ ಹೆಚ್ಚು ಬದಲಾಗಬಲ್ಲದ್ದೂ ಹೌದು ಎಂಬುದು ಈ ಕ್ಷೇತ್ರದಲ್ಲಿ ನನಗೆ ಗೊತ್ತಿರುವ ಅತ್ಯಂತ ಆಶಾದಾಯಕ ಸಂಗತಿ. 24 ವಾರವೆಂದರೆ ಒಂದು ಸೆಮಿಸ್ಟರ್‌ಗಿಂತ ತುಸು ಹೆಚ್ಚು.

ಆದರೆ ಸಮಾಲೋಚಕರ ಬಾಗಿಲಿಗೆ ಮಕ್ಕಳು ಹೋಗಬೇಕಲ್ಲ. ಶಿರಸಿ, ಕುಮಟಾ, ಹೊನ್ನಾವರದಂಥ ಊರುಗಳಲ್ಲಿ ಹೊಸಬರ ಪರಿಚಯವೇ ‘ಯಾರ ಮನೆಯವರು’ ಎಂಬ ಪ್ರಶ್ನೆಯಿಂದ ಶುರುವಾಗುತ್ತದೆ. ಸಮಾಲೋಚಕರು ಅತ್ತಿಗೆಯ ತಂಗಿಯಾಗಿರಬಹುದು, ಕಾಯುವ ಬೆಂಚಿನ ಎದುರಿಗೇ ಸೊಸೈಟಿಗೆ ಅಡಿಕೆ ತಂದ ಚಿಕ್ಕಪ್ಪ ಸಿಗಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ಹಕ್ಕೆಂದೇ ಒಪ್ಪಿಕೊಂಡಿದೆ. ಊರಿನ ಬಾಯಿಗೆ ಕಾಯ್ದೆ ಗೊತ್ತಿಲ್ಲ. ಈ ಕಾರಣಕ್ಕೇ 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮನಸ್ ಸಹಾಯವಾಣಿ, ಸಂಖ್ಯೆ 14416, ನಮ್ಮಂಥ ಕಡೆ ನಗರಗಳಿಗಿಂತ ಹೆಚ್ಚು ಮುಖ್ಯ. ಕನ್ನಡದಲ್ಲಿಯೇ ಮಾತನಾಡಬಹುದು, ಹಗಲು ರಾತ್ರಿ ತೆರೆದಿರುತ್ತದೆ, ಮುಖ ತೋರಿಸಬೇಕಿಲ್ಲ. ಕೋವಿಡ್ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ ಮಕ್ಕಳ ಜಿಲ್ಲೆಯಲ್ಲಿ ಫೋನು ಮಾಡಲು ನೆಟ್‌ವರ್ಕ್ ಬೇಕು ಎಂಬುದನ್ನು ಮಾತ್ರ ಬೇರೆ ಹೇಳಬೇಕಾಗಿಲ್ಲ.

ಪ್ರಶ್ನಾವಳಿಯ ಅಂಕದಿಂದ ವಿದ್ಯಾರ್ಥಿಗಳನ್ನು ವಿಂಗಡಿಸಿ ಪಟ್ಟಿ ಮಾಡುವುದನ್ನು, ಅದನ್ನು ಪಾಲಕರ ಸಭೆಯಲ್ಲಿ ಓದುವುದನ್ನು ಕಾಲೇಜುಗಳು ಮಾಡಬಾರದು. ಅದರ ಬದಲು ಆರು ಮುಖಗಳಲ್ಲಿ ಸಂಸ್ಥೆಯ ಕೈಯಲ್ಲೇ ಇರುವ ಒಂದನ್ನು, ಅಂದರೆ ಪರಿಸರದ ಮೇಲಿನ ಹಿಡಿತವನ್ನು ಮೊದಲು ಎತ್ತಿಕೊಳ್ಳಬಹುದು. ಟೆಸ್ಟಿನ ದಿನಾಂಕ ಎರಡು ವಾರ ಮೊದಲೇ ಗೊತ್ತಾದರೆ ಮನಸ್ಸಿಗೆ ಹಚ್ಚಿಕೊಳ್ಳುವ ಹುಡುಗಿಯ ಎರಡು ರಾತ್ರಿ ಉಳಿಯುತ್ತದೆ. ಸಂದೇಹಗಳನ್ನು ಚೀಟಿಯಲ್ಲಿ ಬರೆದು ಹಾಕುವ ಒಂದು ಡಬ್ಬಿ ದಾಕ್ಷಿಣ್ಯವನ್ನು ಅಳಿಸದೆಯೇ ಅದನ್ನು ದಾಟಿಸುತ್ತದೆ. ಅಂಕಗಳನ್ನು ತರಗತಿಯಲ್ಲಿ ಹೆಸರು ಹಿಡಿದು ಕೂಗದಿದ್ದರೆ ಶ್ರದ್ಧಾವಂತ ಹುಡುಗ ಬಿದ್ದರೂ ಮೆಲ್ಲಗೆ ಬೀಳುತ್ತಾನೆ. ಇವಕ್ಕೆ ಯಾರ ಸ್ವಭಾವವೂ ಬದಲಾಗಬೇಕಿಲ್ಲ.

ಇನ್ನು ಸಮಾಲೋಚಕರು ಬಂದ ಮೊದಲ ತಿಂಗಳು ನೂರು ವಾಕ್ಯಗಳ ಹಾಳೆ ಹಂಚುವ ಬದಲು, ಒಬ್ಬೊಬ್ಬರನ್ನೇ ಕರೆದು ಮೂರು ಮಾತು ಕೇಳಲಿ. ಬೆಳಿಗ್ಗೆ ಯಾವ ಬಸ್ಸಿಗೆ ಬರುತ್ತೀ, ಅದು ತಪ್ಪಿದರೆ ಏನು ಮಾಡುತ್ತೀ? ಮಧ್ಯಾಹ್ನ ಡಬ್ಬಿ ಯಾರ ಜೊತೆ ಬಿಚ್ಚುತ್ತೀ? ಪಾಠ ತಿಳಿಯದಿದ್ದರೆ ಯಾರನ್ನು ಕೇಳುತ್ತೀ? ಮೂರಕ್ಕೂ ಉತ್ತರವಿಲ್ಲದ ವಿದ್ಯಾರ್ಥಿ ಬಹಿರ್ಮುಖಿಯೋ ಅಂತರ್ಮುಖಿಯೋ ಎಂಬುದನ್ನು ಆಮೇಲೆ ನೋಡಿಕೊಂಡರಾಯಿತು. ಅವನನ್ನು ಮುಂದಿನ ವಾರ ಮತ್ತೊಮ್ಮೆ ಕರೆಯಬೇಕು.